ಮಕ್ಕಳ ಬ್ಯಾಟರಿ ಜೀಪಿನ ಮೋಟಾರ್ ಬಿಸಿಯಾಗದಿರಲು: ಹೀಟ್ ಸಿಂಕ್, ಫ್ಯಾನ್, ಬ್ಲೋವರ್, ದೊಡ್ಡ ಮೋಟಾರ್ - ಯಾವುದು ಯಾರಿಗೆ?

ಮಕ್ಕಳು ಕೂತು ಓಡಿಸುವ 12 ವೋಲ್ಟಿನ ಪ್ಲಾಸ್ಟಿಕ್ ಜೀಪು ಮನೆಗೆ ಬಂದ ಕೆಲವು ತಿಂಗಳಿಗೆ ಮಗುವಿಗೆ ಅದರ ವೇಗ ಸಾಲುವುದಿಲ್ಲ. ಅಪ್ಪನ ಕೈಯೂ ಸುಮ್ಮನಿರುವುದಿಲ್ಲ. ಹಳೆಯ ಲೆಡ್ ಆಸಿಡ್ ಬ್ಯಾಟರಿ ತೆಗೆದು ಡ್ರಿಲ್ ಮಷೀನಿನ 18 ವೋಲ್ಟ್ ಬ್ಯಾಟರಿ ಸಿಕ್ಕಿಸುತ್ತಾರೆ. ಇಲ್ಲವೇ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಜೋಡಿಸಿ 24 ವೋಲ್ಟ್ ಮಾಡುತ್ತಾರೆ. ಮೊದಲ ವಾರ ಎಲ್ಲರಿಗೂ ಖುಷಿ. ಆಮೇಲೆ ಒಂದು ದಿನ ಹಿಂದಿನ ಚಕ್ರದ ಹತ್ತಿರ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ಆಗ ಹುಟ್ಟುವ ಪ್ರಶ್ನೆ: ಯಾವ ಫ್ಯಾನ್ ಹಾಕಲಿ?

ಹೆಚ್ಚಿನವರು ಮೊದಲು ಕೊಳ್ಳುವುದು ಮೋಟಾರ್ ಮೇಲೆ ಸಿಕ್ಕಿಸುವ ಅಲ್ಯೂಮಿನಿಯಂ ಹೀಟ್ ಸಿಂಕ್, ಅಂದರೆ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ರೆಕ್ಕೆಗಳಿರುವ ಲೋಹದ ತುಂಡು. ನೋಡಲು ಚೆನ್ನಾಗಿದೆ, ಬೆಲೆಯೂ ಕಡಿಮೆ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೊಳ್ಳಬೇಕಾದ ವಸ್ತು. ಯಾಕೆ ಅಂದರೆ, ಬಿಸಿ ಹುಟ್ಟುವ ಜಾಗ ಬೇರೆ, ಹೀಟ್ ಸಿಂಕ್ ಕೂರುವ ಜಾಗ ಬೇರೆ.

ಬಿಸಿ ಹುಟ್ಟುವುದೆಲ್ಲಿ?

ಈ ಜೀಪುಗಳಲ್ಲಿ ಸಾಮಾನ್ಯವಾಗಿ ಇರುವುದು 390 ಅಥವಾ 550 ಸೈಜಿನ ಬ್ರಷ್ ಮೋಟಾರ್. ಹಿಂದಿನ ಎರಡು ಚಕ್ರಕ್ಕೆ ಒಂದೊಂದು. ಹೊರಗೆ ಕಬ್ಬಿಣದ ಡಬ್ಬಿ, ಡಬ್ಬಿಯ ಒಳಗೋಡೆಗೆ ಅಂಟಿದ ಫೆರೈಟ್ ಆಯಸ್ಕಾಂತ, ನಡುವೆ ತಿರುಗುವ ಆರ್ಮೇಚರ್. ಕರೆಂಟ್ ಹರಿಯುವ ತಾಮ್ರದ ವೈಂಡಿಂಗ್ ಇರುವುದು ಆ ಆರ್ಮೇಚರ್ ಮೇಲೆ. ಅಂದರೆ ಬಿಸಿ ಹುಟ್ಟುವುದು ನಟ್ಟನಡುವೆ. ಅದರ ಸುತ್ತ ಒಂದು ತೆಳು ಗಾಳಿಯ ಸಂದು ಇದೆ. ಆ ಸಂದು ದಾಟಿ, ಆಯಸ್ಕಾಂತ ದಾಟಿ, ಡಬ್ಬಿಗೆ ಬರಲು ಬಿಸಿಗೆ ಬಹಳ ಸಮಯ ಬೇಕು. ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳೂ ಬಿಸಿಯಾಗುತ್ತವೆ. ಅವು ಇರುವುದು ಹಿಂದಿನ ಮುಚ್ಚಳದಲ್ಲಿ, ಪ್ಲಾಸ್ಟಿಕ್ ನಡುವೆ.

ಎಷ್ಟು ಬೇಗ ಕಾಯುತ್ತದೆ ಎಂದು ಒಂದು ಅಂದಾಜು ಹಾಕೋಣ. ವೈಂಡಿಂಗ್‌ನ ರೆಸಿಸ್ಟೆನ್ಸ್ 0.15 ಓಮ್ ಇದೆ ಎಂದುಕೊಳ್ಳಿ. 10 ಆಂಪಿಯರ್ ಹರಿದರೆ ಬಿಸಿಯಾಗಿ ಹೋಗುವುದು 15 ವ್ಯಾಟ್. 20 ಆಂಪಿಯರ್ ಹರಿದರೆ 30 ಅಲ್ಲ, 60 ವ್ಯಾಟ್. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆರ್ಮೇಚರ್ ತೂಕ 90 ಗ್ರಾಂ ಎಂದಿಟ್ಟುಕೊಂಡರೆ, ಈ 60 ವ್ಯಾಟ್ ಅದನ್ನು ಸೆಕೆಂಡಿಗೆ ಸುಮಾರು ಒಂದೂವರೆ ಡಿಗ್ರಿಯಂತೆ ಏರಿಸುತ್ತದೆ. ಗಾಳಿಗೆ ಹೋಗುವ ಬಿಸಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದು ನಿಮಿಷದಲ್ಲಿ 90 ಡಿಗ್ರಿ. ಹುಲ್ಲಿನ ಮೇಲೆ ಒಂದು ಏರು ಹತ್ತಲು ಅಷ್ಟು ಹೊತ್ತು ಸಾಕಲ್ವಾ? ಅಷ್ಟರಲ್ಲಿ ಹೊರಗಿನ ಡಬ್ಬಿ ಬೆಚ್ಚಗೆ ಮಾತ್ರ ಇರುತ್ತದೆ.

ಇನ್ನೂ ಒಂದು ತೊಂದರೆ ಇದೆ. ಕಾದ ತಾಮ್ರದ ರೆಸಿಸ್ಟೆನ್ಸ್ ಏರುತ್ತದೆ. 25 ಡಿಗ್ರಿಯಿಂದ 125 ಡಿಗ್ರಿಗೆ ಹೋದರೆ ಸುಮಾರು ಶೇಕಡಾ 40 ಜಾಸ್ತಿ. ಕಾದ ಫೆರೈಟ್ ಆಯಸ್ಕಾಂತದ ಬಲವೂ ಡಿಗ್ರಿಗೆ ಸುಮಾರು ಶೇಕಡಾ 0.2ರಂತೆ ಇಳಿಯುತ್ತದೆ. ಬಲ ಇಳಿದರೆ ಅದೇ ಏರು ಹತ್ತಲು ಹೆಚ್ಚು ಕರೆಂಟ್ ಬೇಕು. ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ. ಹಾಗಾಗಿ ಅರ್ಧ ಗಂಟೆ ಚೆನ್ನಾಗಿ ಓಡಿದ ಗಾಡಿ ಆಮೇಲೆ ಐದು ನಿಮಿಷದಲ್ಲಿ ಕೈಕೊಡುವುದು ವಿಚಿತ್ರವೇನಲ್ಲ.

ವೋಲ್ಟೇಜ್ ಏರಿಸಿದರೆ ಮೋಟಾರ್ ಸುಡುತ್ತದೆ ಎಂಬ ಮಾತು ಅರ್ಧ ನಿಜ. ಸಮತಟ್ಟು ನೆಲದಲ್ಲಿ ಒಂದೇ ವೇಗದಲ್ಲಿ ಓಡುವಾಗ ಕರೆಂಟ್ ಎಷ್ಟು ಎಂದು ತೀರ್ಮಾನಿಸುವುದು ಹೊರೆ, ವೋಲ್ಟೇಜ್ ಅಲ್ಲ. ಸುಡುವುದು ಹೊರಡುವಾಗ ಮತ್ತು ಸಿಕ್ಕಿಕೊಂಡಾಗ. ತಿರುಗುವ ಮೋಟಾರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟಿಗೆ ತಡೆ ಹಾಕುತ್ತದೆ. ನಿಂತ ಮೋಟಾರಿಗೆ ಆ ತಡೆ ಇಲ್ಲ. ಚಕ್ರ ಕಲ್ಲಿಗೆ ಸಿಕ್ಕಿ ನಿಂತಾಗ 12ರ ಬದಲು 18 ವೋಲ್ಟ್ ಇದ್ದರೆ ಬಿಸಿ ಎರಡೂಕಾಲು ಪಟ್ಟು, 24 ಇದ್ದರೆ ನಾಲ್ಕು ಪಟ್ಟು. ಹಳೆಯ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಾದರೆ ಅಂಥ ಹೊತ್ತಿನಲ್ಲಿ ತಾನೇ ಕುಸಿದು ಮೋಟಾರನ್ನು ಉಳಿಸುತ್ತಿತ್ತು. ಡ್ರಿಲ್ ಮಷೀನಿನ ಲಿಥಿಯಂ ಬ್ಯಾಟರಿ ಹಾಗೆ ಕುಸಿಯುವುದಿಲ್ಲ. ತುಂಬಿದಾಗ ಅದು 18 ಕೂಡ ಅಲ್ಲ, 21 ವೋಲ್ಟ್.

ಕೊಳ್ಳುವ ಮೊದಲು ಅಳೆಯಿರಿ

ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸಾಕು. ಆದರೆ ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡಬ್ಬಿಯ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ, ಅದರ ಮೇಲೆ ಗುರಿಯಿಡಿ. ಓಡುವಾಗ ಅಳೆದದ್ದಕ್ಕಿಂತ, ಗಾಡಿ ನಿಲ್ಲಿಸಿ ಎರಡು ಮೂರು ನಿಮಿಷ ಬಿಟ್ಟು ಅಳೆದದ್ದು ಹೆಚ್ಚು ನಿಜ ಹೇಳುತ್ತದೆ. ಒಳಗಿನ ಬಿಸಿ ಹೊರಗೆ ಬರಲು ಅಷ್ಟು ಹೊತ್ತು ಬೇಕು. ಆಗ ಡಬ್ಬಿ 60 ಡಿಗ್ರಿ ಒಳಗಿದ್ದರೆ ಏನೂ ಮಾಡಬೇಡಿ, ಸುಮ್ನೆ ಆಡಲು ಬಿಡಿ. 80 ದಾಟುತ್ತಿದ್ದರೆ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಆಗಿತ್ತು ಎಂದರ್ಥ.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊಳ್ಳುವಾಗ ನೋಡಿ, ಅಗ್ಗದ ಎಷ್ಟೋ ಕ್ಲ್ಯಾಂಪ್ ಮೀಟರ್‌ಗಳು ಎಸಿ ಮಾತ್ರ ಅಳೆಯುತ್ತವೆ. ಎರಡು ಮೋಟಾರ್‌ಗಳಲ್ಲಿ ಒಂದೇ ಜಾಸ್ತಿ ಬಿಸಿಯಾಗುತ್ತಿದ್ದರೆ ಅದು ತಂಪು ಮಾಡುವ ಪ್ರಶ್ನೆಯೇ ಅಲ್ಲ. ಆ ಬದಿಯ ಗೇರ್‌ಬಾಕ್ಸ್ ಬಿಗಿಯಾಗಿದೆ, ಅಥವಾ ಆಕ್ಸಲ್‌ಗೆ ಕೂದಲು, ದಾರ ಸುತ್ತಿಕೊಂಡಿದೆ.

ಆಯ್ಕೆ ಒಂದು: ಬಿಸಿ ಹುಟ್ಟದಂತೆ ಮಾಡುವುದು

ಹುಟ್ಟಿದ ಬಿಸಿಯನ್ನು ಹೊರಹಾಕುವುದಕ್ಕಿಂತ ಇದು ಯಾವಾಗಲೂ ಅಗ್ಗ. ಎಲ್ಲಕ್ಕಿಂತ ಒಳ್ಳೆಯ ಖರ್ಚು ಒಂದು ಸ್ಪೀಡ್ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹದಮಾಡುವ ಸಾಧನ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಬರುವ, ಬ್ರಷ್ ಮೋಟಾರ್‌ಗೆಂದೇ ಮಾಡಿದ 24 ವೋಲ್ಟ್ ಕಂಟ್ರೋಲರ್‌ಗಳು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಮತ್ತು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವುಗಳಲ್ಲಿ ಕರೆಂಟ್ ಮಿತಿ ಒಳಗೇ ಇರುತ್ತದೆ. ಜೊತೆಗೆ ಒತ್ತಿದಷ್ಟೇ ವೇಗ ಕೊಡುವ ಪೆಡಲ್ ಹಾಕಿದರೆ, ಪ್ರತಿ ಸಲ ಪೂರ್ತಿ ವೋಲ್ಟೇಜಿನಲ್ಲಿ ಎಗರಿ ಹೊರಡುವುದು ನಿಲ್ಲುತ್ತದೆ. ಗೇರ್‌ಬಾಕ್ಸಿನ ಹಲ್ಲುಗಳೂ ಉಳಿಯುತ್ತವೆ. 18 ವೋಲ್ಟಿಗೆ ಕೊಳ್ಳುವವರು ಒಂದು ವಿಷಯ ವಿಚಾರಿಸಿ: 24 ವೋಲ್ಟಿನ ಕಂಟ್ರೋಲರ್‌ಗಳು ಬ್ಯಾಟರಿ 20 ವೋಲ್ಟಿನ ಆಸುಪಾಸಿಗೆ ಇಳಿದರೆ ಬಂದ್ ಆಗುತ್ತವೆ. ಪೂರ್ತಿ ತುಂಬಿದ ಸ್ವಲ್ಪ ಹೊತ್ತು ಬಿಟ್ಟರೆ ನಿಮ್ಮ 18 ವೋಲ್ಟ್ ಬ್ಯಾಟರಿ ಅದಕ್ಕೆ ಖಾಲಿಯಾದ ಬ್ಯಾಟರಿಯೇ.

ಎರಡನೆಯದು ಚಕ್ರ. ಚಕ್ರದ ವ್ಯಾಸ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಅದೇ ಏರಿಗೆ ಬೇಕಾದ ಕರೆಂಟ್ ಸುಮಾರು ಶೇಕಡಾ 20 ಕಡಿಮೆ, ವೈಂಡಿಂಗ್‌ನ ಬಿಸಿ ಶೇಕಡಾ 36 ಕಡಿಮೆ. ಇದಕ್ಕೆ ಸರಿಸಮವಾದ ಫ್ಯಾನ್ ಸಿಗುವುದು ಕಷ್ಟ. ಆದರೆ ನೋಟಕ್ಕಾಗಿ ಎಲ್ಲರೂ ಮಾಡುವುದು ಇದರ ಉಲ್ಟಾ, ದೊಡ್ಡ ಚಕ್ರ ಹಾಕುತ್ತಾರೆ. ಪ್ಲಾಸ್ಟಿಕ್ ಚಕ್ರಕ್ಕೆ ಸೈಕಲ್ ಟೈರ್ ಕತ್ತರಿಸಿ ಸುತ್ತುವವರೂ ಗಮನಿಸಿ. ಹಿಡಿತ ಬರುತ್ತದೆ, ಸದ್ದು ಕಡಿಮೆಯಾಗುತ್ತದೆ, ನಿಜ. ಆದರೆ ಜಾರುವ ಪ್ಲಾಸ್ಟಿಕ್ ಚಕ್ರ ಮೋಟಾರಿಗೆ ಒಂದು ಕ್ಲಚ್ಚಿನಂತೆ ಇತ್ತು. ಈಗ ಆ ಕ್ಲಚ್ ಹೋಯಿತು, ಪೂರ್ತಿ ಹೊರೆ ಮೋಟಾರ್ ಮೇಲೆ.

ಮೂರನೆಯದು ಮೋಟಾರಿನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅದು ತಿರುಗುವ ಸುತ್ತು. ಹೊರಗಿನಿಂದ ಒಂದೇ ಥರ ಕಾಣುವ 550 ಮೋಟಾರ್‌ಗಳು 12 ಸಾವಿರದಿಂದ 30 ಸಾವಿರ ಆರ್‌ಪಿಎಂವರೆಗೆ ಸಿಗುತ್ತವೆ. 15 ಸಾವಿರದ ಮೋಟಾರ್, ನೂರಕ್ಕೆ ಒಂದರ ಗೇರ್‌ಬಾಕ್ಸ್, 30 ಸೆಂಟಿಮೀಟರ್ ಚಕ್ರ ಇದ್ದರೆ ಹೊರೆಯಿಲ್ಲದೆ ಗಂಟೆಗೆ ಸುಮಾರು 8 ಕಿಲೋಮೀಟರ್. 30 ಸಾವಿರದ್ದಾದರೆ 17. ಕೇಳಲು ಚೆನ್ನಾಗಿದೆ. ಆದರೆ ಅದೇ ಏರಿಗೆ ಅದು ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ದಪ್ಪ ತಂತಿಯ ವೈಂಡಿಂಗ್ ಆದ್ದರಿಂದ ತಾಮ್ರದ ಬಿಸಿ ಅಷ್ಟೇನೂ ಏರದಿರಬಹುದು. ಬ್ರಷ್, ಸ್ವಿಚ್, ವೈರ್, ಕನೆಕ್ಟರ್ ಮಾತ್ರ ತಪ್ಪದೆ ಕಾಯುತ್ತವೆ. ವೋಲ್ಟೇಜನ್ನೂ ಏರಿಸಿ, ಆರ್‌ಪಿಎಂ ಅನ್ನೂ ಏರಿಸಿದ ಗಾಡಿಗೆ ಯಾವ ಫ್ಯಾನೂ ಸಾಲದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಆಯ್ಕೆ ಎರಡು: ಹೀಟ್ ಸಿಂಕ್

ರಿಮೋಟ್ ಕಾರುಗಳ 540, 550 ಮೋಟಾರ್‌ಗೆಂದು ಬರುವ 36 ಮಿಲಿಮೀಟರ್‌ನ ಅಲ್ಯೂಮಿನಿಯಂ ಹೀಟ್ ಸಿಂಕ್‌ಗಳು ಇವಕ್ಕೂ ಕೂರುತ್ತವೆ. ಆದರೆ ಜೀಪಿನ ಎಷ್ಟೋ ಮೋಟಾರ್‌ಗಳ ಡಬ್ಬಿಯ ಸುತ್ತ ಇನ್ನೊಂದು ಕಬ್ಬಿಣದ ಪಟ್ಟಿ ಇರುತ್ತದೆ. ಆಗ ಅಳತೆ ಸರಿಹೋಗುವುದಿಲ್ಲ. ಆ ಪಟ್ಟಿ ಕಿತ್ತುಹಾಕಬೇಡಿ, ಆಯಸ್ಕಾಂತದ ಬಲ ಅದರಿಂದಲೂ ಬರುತ್ತದೆ.

ಹೀಟ್ ಸಿಂಕ್ ಆಯಸ್ಕಾಂತವನ್ನು ಕಾಪಾಡುತ್ತದೆ, ಗಾಡಿ ನಿಂತ ಮೇಲೆ ಬೇಗ ತಣಿಯಲು ನೆರವಾಗುತ್ತದೆ. ಒಂದೇ ಹದದಲ್ಲಿ, ನಿಧಾನವಾಗಿ, ಬಹಳ ಹೊತ್ತು ಓಡುವ ಗಾಡಿಗೆ ಸ್ವಲ್ಪ ಪ್ರಯೋಜನ ಇದೆ. ಏರಿನಲ್ಲಿ ಒಂದು ನಿಮಿಷ ತಿಣುಕುವ ಗಾಡಿಗೆ ಏನೂ ಇಲ್ಲ. ಅದೂ ಅಲ್ಲದೆ ಜೀಪಿನ ಅಡಿಭಾಗ ಪ್ಲಾಸ್ಟಿಕ್‌ನಿಂದ ಮುಚ್ಚಿರುತ್ತದೆ. ಗಾಳಿಯಾಡದ ಜಾಗದಲ್ಲಿ ರೆಕ್ಕೆಗಳಿದ್ದು ಏನು ಮಾಡೀತು?

ಒಂದು ಬಗೆಯ ಹೀಟ್ ಸಿಂಕ್ ಬಗ್ಗೆ ಮಾತ್ರ ನನಗೆ ಒಲವಿದೆ. ಮೋಟಾರ್ ಮತ್ತು ಗೇರ್‌ಬಾಕ್ಸ್ ನಡುವೆ ಬರುವ ಅಲ್ಯೂಮಿನಿಯಂ ಪ್ಲೇಟ್. ಬಿಸಿ ಮೋಟಾರಿನ ಶಾಫ್ಟ್ ಮೂಲಕ ಅದರ ತುದಿಯ ಸಣ್ಣ ಕಬ್ಬಿಣದ ಗೇರಾದ ಪಿನಿಯನ್‌ಗೆ, ಅಲ್ಲಿಂದ ಮೊದಲ ನೈಲಾನ್ ಗೇರಿಗೆ ಹೋಗಿ ಹಲ್ಲು ಮೆತ್ತಗಾಗಿ ಸವೆಯುವುದು ಮಾಮೂಲಿ ರೋಗ. ಮೋಟಾರಿನ ಮುಂಭಾಗ ಪ್ಲಾಸ್ಟಿಕ್ ಬದಲು ಲೋಹಕ್ಕೆ ಅಂಟಿದ್ದರೆ ಆ ಗೇರ್ ಸ್ವಲ್ಪ ಹೆಚ್ಚು ದಿನ ಬಾಳುತ್ತದೆ.

ಆಯ್ಕೆ ಮೂರು: ಫ್ಯಾನ್ ಅಥವಾ ಬ್ಲೋವರ್

ಆರ್ಮೇಚರನ್ನೇ ತಣಿಸಬಲ್ಲದ್ದು ಡಬ್ಬಿಯೊಳಗೆ ಹರಿಯುವ ಗಾಳಿ ಮಾತ್ರ. ಹಾಗಾಗಿ ಮೊದಲು ಮೋಟಾರಿನ ಕಿಂಡಿಗಳನ್ನು ನೋಡಿ. ಹಿಂದಿನ ಮುಚ್ಚಳದಲ್ಲೂ ಪಕ್ಕದಲ್ಲೂ ಕಿಂಡಿ ಇದ್ದರೆ ಗಾಳಿಗೆ ಒಳದಾರಿ, ಹೊರದಾರಿ ಎರಡೂ ಇವೆ. ಕೆಲವು ಮೋಟಾರ್‌ಗಳ ಒಳಗೇ ಶಾಫ್ಟಿಗೆ ಸಣ್ಣ ಫ್ಯಾನ್ ಇರುತ್ತದೆ. ಅದು ವೇಗವಾಗಿ ಓಡುವಾಗ ಒಳ್ಳೆಯದು. ಏರಿನಲ್ಲಿ ಮೋಟಾರ್ ನಿಧಾನವಾದಾಗ, ಅಂದರೆ ಗಾಳಿ ನಿಜವಾಗಿ ಬೇಕಾದಾಗ, ಅದೂ ನಿಧಾನವಾಗುತ್ತದೆ. ಹೊರಗಿನ ಫ್ಯಾನ್ ಬೇಕಾಗುವುದು ಇದಕ್ಕೇ.

40 ಮಿಲಿಮೀಟರ್‌ನ ಕಂಪ್ಯೂಟರ್ ಫ್ಯಾನ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಅದಕ್ಕೆ ತಳ್ಳುವ ಶಕ್ತಿ ಕಡಿಮೆ. ಸಣ್ಣ ಕಿಂಡಿ ಎದುರಾದರೆ ಗಾಳಿ ವಾಪಸ್ ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಒಳಗೆ ಹೋಗುವುದು ಅಲ್ಪ. 3ಡಿ ಪ್ರಿಂಟರ್‌ಗಳಲ್ಲಿ ಬಳಸುವ 5015 ಬ್ಲೋವರ್, ಅಂದರೆ 50 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ದಪ್ಪದ್ದು, ಅದಕ್ಕಿಂತ ವಾಸಿ. ಅದರ ಬಾಯಿ ಒಂದೇ ಕಡೆ ಇರುವುದರಿಂದ ಪೈಪಿನಂತೆ ಜೋಡಿಸಬಹುದು, ಒತ್ತಡವೂ ಜಾಸ್ತಿ. 12 ಮತ್ತು 24 ವೋಲ್ಟ್ ಎರಡರಲ್ಲೂ ಬರುತ್ತದೆ. ಸೆಕೆಂಡಿಗೆ 2.4 ಲೀಟರ್ ಗಾಳಿ ಮೋಟಾರಿನೊಳಗಿಂದ ಹಾದು 20 ಡಿಗ್ರಿ ಬಿಸಿಯಾಗಿ ಹೊರಬಂದರೆ ಅದು ಹೊತ್ತೊಯ್ಯುವುದು ಸುಮಾರು 57 ವ್ಯಾಟ್. ಮೇಲೆ ಹೇಳಿದ 60 ವ್ಯಾಟಿಗೆ ಹತ್ತಿರ. ಕಿಂಡಿಗಳ ತಡೆಯಿಂದ ನಿಜವಾಗಿ ಹಾಯುವ ಗಾಳಿ ಇದಕ್ಕಿಂತ ಕಡಿಮೆಯೇ. ಆದರೂ ಡಬ್ಬಿಯ ಮೇಲೆ ಊದುವುದಕ್ಕೂ ಒಳಗೆ ಊದುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಬ್ಲೋವರ್ ಬಾಯಿಯಿಂದ ಮೋಟಾರಿನ ಕಿಂಡಿಗೆ ಒಂದು ದಾರಿ ಮಾಡಿಕೊಡಬೇಕು. 3ಡಿ ಪ್ರಿಂಟರ್ ಇದ್ದವರು ಪ್ರಿಂಟ್ ಮಾಡಿಕೊಳ್ಳಲಿ. ಆದರೆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ, ಎಬಿಎಸ್ ಬಳಸಿ. ಇಲ್ಲದವರಿಗೆ ತೆಳು ಅಲ್ಯೂಮಿನಿಯಂ ತಗಡು ಸಾಕು. ಜೀಪಿನ ಮೈಯಲ್ಲಿ ತಣ್ಣನೆ ಗಾಳಿ ಒಳಗೆ ಬರಲು ಒಂದು ತೂತು, ಬಿಸಿ ಗಾಳಿ ಹೋಗಲು ಇನ್ನೊಂದು ತೂತು ಕೊರೆಯಿರಿ. ಇದನ್ನು ಮರೆತರೆ ಫ್ಯಾನ್ ಅದೇ ಬಿಸಿ ಗಾಳಿಯನ್ನು ತಿರುಗಿಸುತ್ತಾ ಕೂರುತ್ತದೆ. ಒಳಬರುವ ತೂತು ಆದಷ್ಟು ಮೇಲಿರಲಿ, ಸೀಟಿನ ಹಿಂದೆ. ಕೆಳಗಿದ್ದರೆ ಚಕ್ರ ಎಬ್ಬಿಸುವ ಕೆಮ್ಮಣ್ಣಿನ ಧೂಳೆಲ್ಲ ಬ್ರಷ್‌ಗಳು ಉಜ್ಜುವ ತಾಮ್ರದ ಕಮ್ಯುಟೇಟರ್ ಮೇಲೆ. ತೂತಿಗೆ ಸೊಳ್ಳೆ ಪರದೆಯ ತುಂಡನ್ನು ಎರಡು ಪದರ ಕಟ್ಟಿ, ಆಗಾಗ ಬಿಚ್ಚಿ ಕೊಡವಿ.

ಕಿಂಡಿಯೇ ಇಲ್ಲದ ಮೋಟಾರಿಗೆ ತೂತು ಕೊರೆಯುವ ಆಸೆ ಬರುತ್ತದೆ. ಬೇಡ. ಕಬ್ಬಿಣದ ಪುಡಿ ನೇರವಾಗಿ ಆಯಸ್ಕಾಂತಕ್ಕೆ ಹೋಗಿ ಅಂಟುತ್ತದೆ, ಆಮೇಲೆ ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಕಿಂಡಿ ಇರುವ ಮೋಟಾರ್ ಕೊಳ್ಳಿ.

ವೈರಿಂಗ್ ವಿಷಯದಲ್ಲಿ ಎರಡು ಮಾತು. ಫ್ಯಾನ್ ವೈರನ್ನು ಮೋಟಾರಿನ ವೈರಿಗೆ ಸೇರಿಸಬೇಡಿ. ರಿವರ್ಸ್ ಹಾಕಿದಾಗ ಪ್ಲಸ್, ಮೈನಸ್ ಅದಲು ಬದಲಾಗುತ್ತದೆ, ಈ ಬಗೆಯ ಫ್ಯಾನ್‌ಗಳು ಉಲ್ಟಾ ಕರೆಂಟಿಗೆ ತಿರುಗುವುದಿಲ್ಲ, ಕೆಟ್ಟೂ ಹೋಗಬಹುದು. ಅಲ್ಲದೆ ಪೆಡಲ್ ಬಿಟ್ಟ ತಕ್ಷಣ ಫ್ಯಾನ್ ನಿಲ್ಲುತ್ತದೆ. ಒಳಗಿನ ಬಿಸಿ ಹೊರಬರುವುದು ಆಗಲೇ ಶುರುವಾಗಿರುತ್ತದೆ. ಬ್ಯಾಟರಿಯಿಂದ ಬೇರೆ ಲೈನ್ ತನ್ನಿ. 18 ವೋಲ್ಟ್ ಗಾಡಿಯಲ್ಲಿ 12 ವೋಲ್ಟ್ ಬ್ಲೋವರ್‌ಗೆ ನಡುವೆ ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರ್ ಹಾಕಿ.

ಆಯ್ಕೆ ನಾಲ್ಕು: ದೊಡ್ಡ ಮೋಟಾರ್

775 ಮೋಟಾರ್ ದಪ್ಪ, ತೂಕ ಜಾಸ್ತಿ. ಅಷ್ಟೇ ಬಿಸಿಗೆ ಅದು ನಿಧಾನವಾಗಿ ಕಾಯುತ್ತದೆ. ಆದರೆ 550 ಬಿಚ್ಚಿ ಅದೇ ಜಾಗಕ್ಕೆ ಕೂರಿಸಲು ಆಗುವುದಿಲ್ಲ. 550ರ ಶಾಫ್ಟ್ 3.17 ಮಿಲಿಮೀಟರ್, 775ರದ್ದು ಸಾಮಾನ್ಯವಾಗಿ 5. ಸ್ಕ್ರೂ ತೂತುಗಳ ಅಂತರವೂ ಬೇರೆ. ಹಾಗಾಗಿ 775ಕ್ಕೆಂದೇ ಬರುವ ಗೇರ್‌ಬಾಕ್ಸ್ ಸಮೇತ ಕೊಳ್ಳುವುದು ವಾಸಿ.

ಇದಕ್ಕೂ ಮುಂದೆ ಹೋಗುವವರು ಎಲೆಕ್ಟ್ರಿಕ್ ಸೈಕಲ್ ಮಾಡುವವರು ಬಳಸುವ ಎಂವೈ 1016 ಎಂಬ 24 ವೋಲ್ಟ್, 250 ವ್ಯಾಟ್ ಮೋಟಾರ್ ಹಾಕಿ ಚೈನ್ ಓಡಿಸುತ್ತಾರೆ. ಅದು ಬಹಳ ಹೊತ್ತು ದುಡಿಯಲೆಂದೇ ಮಾಡಿದ ಮೋಟಾರ್. ಮಗುವಿನ ತೂಕಕ್ಕೆ ಅದು ಕಾಯುವುದೇ ಕಡಿಮೆ, ಫ್ಯಾನ್ ಮಾತೇ ಇಲ್ಲ. ಆದರೆ ಕಬ್ಬಿಣದ ಆಕ್ಸಲ್, ಬೇರಿಂಗ್, ವೆಲ್ಡಿಂಗ್, ಚೈನ್ ಕವರ್, ನಿಜವಾದ ಬ್ರೇಕ್ ಎಲ್ಲವೂ ಬೇಕು. ಅಷ್ಟು ಹೊತ್ತಿಗೆ ಅದು ಆಟಿಕೆಯಾಗಿ ಉಳಿದಿರುವುದಿಲ್ಲ.

ನೀರು ಹರಿಸುವ ಜಾಕೆಟ್ ಕೂಡ ಇವೆ, ರಿಮೋಟ್ ದೋಣಿಗಳಿಗೆ. ದೋಣಿಗೆ ಸುತ್ತಲೂ ತಣ್ಣೀರು ಪುಕ್ಕಟೆ ಸಿಗುತ್ತದೆ. ಜೀಪಿಗೆ ಟ್ಯಾಂಕು, ಪಂಪು ಹೊರಬೇಕು, ತಣಿಯುವುದು ಮಾತ್ರ ಮತ್ತೆ ಹೊರಗಿನ ಡಬ್ಬಿಯೇ. ಬಿಟ್ಟುಬಿಡಿ.

ಯಾವ ಆಯ್ಕೆಯಾದರೂ ತಪ್ಪಿಸಬಾರದ್ದು

ಫ್ಯೂಸ್ ಮತ್ತು ಬಿಸಿಯ ಸ್ವಿಚ್. 1998ರಲ್ಲಿ ಅಮೆರಿಕದಲ್ಲಿ ಫಿಶರ್-ಪ್ರೈಸ್ ಕಂಪನಿ 1 ಕೋಟಿವರೆಗಿನ ಪವರ್ ವೀಲ್ಸ್ ಎಂಬ ಇಂಥದ್ದೇ ಮಕ್ಕಳ ಬ್ಯಾಟರಿ ಗಾಡಿಗಳನ್ನು ರಿಪೇರಿಗೆಂದು ವಾಪಸ್ ಕರೆಯಿತು. ವಿದ್ಯುತ್ ಭಾಗಗಳು ಕಾದು ಬೆಂಕಿ ಹೊತ್ತಿಕೊಂಡದ್ದು ಕಾರಣ. ಅವು ಯಾರೂ ಕೈಯಾಡಿಸದಿದ್ದರೂ ತೊಂದರೆ ಕೊಡಬಲ್ಲ ಗಾಡಿಗಳಾಗಿದ್ದವು. ನಾವು ವೋಲ್ಟೇಜ್ ಏರಿಸಿದ್ದೇವೆ. ಬ್ಯಾಟರಿಯ ಪಕ್ಕದಲ್ಲೇ, ವೈರ್ ತಡೆಯುವ ಅಳತೆಗೆ ತಕ್ಕ ಕಾರಿನ ಬ್ಲೇಡ್ ಫ್ಯೂಸ್ ಹಾಕಿ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ತಂತಿ ಸುತ್ತುವ ಕೆಲಸ ಮಾತ್ರ ಬೇಡ.

ಕೆಎಸ್‌ಡಿ 9700 ಎಂಬ ಬೆರಳಿನ ಗಾತ್ರಕ್ಕಿಂತ ಸಣ್ಣ ಥರ್ಮೋಸ್ಟಾಟ್ ಬೇರೆ ಬೇರೆ ಡಿಗ್ರಿಗೆ ಸಿಗುತ್ತದೆ. ಬಿಸಿಯಾದಾಗ ಕೂಡಿಕೊಳ್ಳುವ 45 ಡಿಗ್ರಿಯದ್ದನ್ನು ಡಬ್ಬಿಗೆ ಅಂಟಿಸಿದರೆ ಫ್ಯಾನ್ ತಾನೇ ಶುರುವಾಗಿ, ತಣಿದ ಮೇಲೆ ತಾನೇ ನಿಲ್ಲುತ್ತದೆ. ಬಿಸಿಯಾದಾಗ ಬಿಟ್ಟುಕೊಳ್ಳುವ 70 ಡಿಗ್ರಿಯದ್ದು ಇನ್ನೊಂದು, ಗಾಡಿಯನ್ನೇ ನಿಲ್ಲಿಸಲು. ಆದರೆ ಅದು ಐದು ಆಂಪಿಯರಿನ ಸ್ವಿಚ್. ಮೋಟಾರಿನ ಕರೆಂಟನ್ನು ಅದರ ಮೂಲಕ ಹರಿಸಬೇಡಿ, ಪೆಡಲ್‌ನ ಸಿಗ್ನಲ್ ವೈರನ್ನೋ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕಡಿಯುವ ರಿಲೇಯನ್ನೋ ಅದರಿಂದ ನಡೆಸಿ.

ಹಾಗಾದರೆ ನಿಮಗೆ ಯಾವುದು?

ಗಾಡಿ ಇನ್ನೂ 12 ವೋಲ್ಟಿನಲ್ಲೇ ಇದ್ದು, ಓಡುವುದು ಟೈಲ್ಸ್ ಅಥವಾ ಕಾಂಕ್ರೀಟ್ ಮೇಲಾದರೆ ಏನೂ ಬೇಡ. 18 ವೋಲ್ಟ್ ಮಾಡಿ ಸಮತಟ್ಟು ನೆಲದಲ್ಲಿ ಓಡಿಸುವವರಿಗೆ ಕಂಟ್ರೋಲರ್ ಮತ್ತು ಫ್ಯೂಸ್ ಸಾಕು. ಹುಲ್ಲು, ಮಣ್ಣು, ತೋಟದ ದಾರಿ ಇದ್ದರೆ ಅದಕ್ಕೆ ಬ್ಲೋವರ್ ಸೇರಿಸಿ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಇನ್ನೊಂದು ಲೆಕ್ಕ ಹಾಕಬೇಕು: ಒಳಹೋಗುವ ಗಾಳಿಯೇ 42 ಡಿಗ್ರಿ ಇದ್ದರೆ ಬ್ಲೋವರ್‌ನ ಕೆಲಸ ಅಷ್ಟು ಕಡಿಮೆ. ಸಂಜೆ ಆಡಿಸಿ, ಮಕ್ಕಳಿಗೂ ಅದೇ ಒಳ್ಳೆಯದು. ಮಂಗಳೂರು, ಉಡುಪಿ ಕಡೆ ಬಿಸಿಗಿಂತ ತೇವದ ಕಾಟ ಜಾಸ್ತಿ. ಅಲ್ಲಿ ಮಳೆಗಾಲದಲ್ಲಿ ಕಿಂಡಿಯ ಮೋಟಾರಿಗೆ ಹೊರಗಿನ ಗಾಳಿ ಊದಿ ನಿಲ್ಲಿಸಿಟ್ಟರೆ ತುಕ್ಕು ಹಿಡಿಯುತ್ತದೆ. ಮೂಲೆಗಿಡುವ ಮುಂಚೆ ಕೊಠಡಿಯೊಳಗೆ ಸ್ವಲ್ಪ ಹೊತ್ತು ಬ್ಲೋವರ್ ಓಡಿಸಿ ಒಣಗಿಸಿ.

24 ವೋಲ್ಟ್, ಎರಡು ಮಕ್ಕಳು, ಏರು ಇಳಿಜಾರು ಎಲ್ಲವೂ ಬೇಕು ಎನ್ನುವವರು 550 ಮೋಟಾರನ್ನು ತಣಿಸುವ ಯೋಚನೆ ಬಿಟ್ಟು 775ಕ್ಕೆ ಹೋಗಿ. ಅದರಲ್ಲೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪಿನಲ್ಲಿ ಓಡಿಸುವ ಆಸೆ ಇದ್ದರೆ ಇನ್ನೊಂದು ವಿಷಯ. ಈ ಗಾಡಿಗಳಲ್ಲಿ ಬೇರೆ ಬ್ರೇಕ್ ಇರುವುದಿಲ್ಲ. ಪೆಡಲ್ ಬಿಟ್ಟಾಗ ಮೋಟಾರಿನ ಎರಡು ವೈರುಗಳು ಒಂದಕ್ಕೊಂದು ಕೂಡಿಕೊಂಡು, ತಿರುಗುವ ಮೋಟಾರೇ ಗಾಡಿಯನ್ನು ಹಿಡಿಯುತ್ತದೆ. ಆ ಹಿಡಿತದ ಬಿಸಿಯೂ ಅದೇ ವೈಂಡಿಂಗ್‌ಗೆ ಹೋಗುತ್ತದೆ. ಅಂದರೆ ಹತ್ತುವಾಗ ಕಾದ ಮೋಟಾರ್ ಇಳಿಯುವಾಗಲೂ ಕಾಯುತ್ತಲೇ ಇರುತ್ತದೆ. ಹೊಸ ಕಂಟ್ರೋಲರ್ ಹಾಕಿದ್ದರೆ ಎಷ್ಟೋ ಸಲ ಈ ಹಿಡಿತವೇ ಇರುವುದಿಲ್ಲ, ಪೆಡಲ್ ಬಿಟ್ಟರೂ ಗಾಡಿ ಉರುಳುತ್ತಲೇ ಹೋಗುತ್ತದೆ. ಫ್ಯಾನಿಗೆ ತೆಗೆದಿಟ್ಟ ದುಡ್ಡನ್ನು ಮೊದಲು ಸೈಕಲ್ಲಿನ ಡಿಸ್ಕ್ ಬ್ರೇಕಿಗೋ ಬ್ಯಾಂಡ್ ಬ್ರೇಕಿಗೋ ಹಾಕಿ. ಅಲ್ಲಿಯವರೆಗೆ ರ್‍ಯಾಂಪಿನ ಬಾಯಿಗೆ ಒಂದು ಕುರ್ಚಿ ಅಡ್ಡ ಇಡಿ.